ಮಗ್ಗಕ್ಕೆ ಮೂರನೆಯ ಮಾತು

ಭಾಷೆ ಕಡಲಿದ್ದಂತೆ, ಅದಕ್ಕೆ ದಡವಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಗಜೇಂದ್ರಗಡದ ನಮ್ಮ ಮನೆಯ ಮಗ್ಗದ ಭಾಷೆಯಲ್ಲಿ ಎರಡೇ ಮಾತಿದ್ದವು. ಅದು ಐವತ್ತರ ದಶಕ. ದೇಶಕ್ಕೆ ಹೊಸ ಸಂವಿಧಾನ ಬಂದಿತ್ತು, ನಮ್ಮ ಮಗ್ಗಕ್ಕೆ ಬಂದಿರಲಿಲ್ಲ.

ಸೆರಗಿಗೆ ಹೂವು ನೇಯುವಾಗ, ಲಾಳಿ ಎಸೆಯುವ ಮುನ್ನ ನಾನು ‘ಕೆಂಪ’ ಎಂದು ಕೂಗಿದರೆ, ಮಗ್ಗದ ಮಗ್ಗುಲಲ್ಲಿ ಕೂತ ಅಣ್ಣನ ಹೆಂಡತಿ, ನಮ್ಮ ವೈನಿ, ಕೆಂಪು ಚಿಂದಿ ಕಟ್ಟಿದ ಹುರಿ ಜಗ್ಗಬೇಕು. ‘ಕರಿ’ ಎಂದರೆ ಕರಿಯದು. ಜಗ್ಗಿದಾಗ ಹೂವಿನ ನೂಲು ಮೇಲೇಳುತ್ತದೆ. ನಾನು ಸುಮ್ಮನಿದ್ದರೆ ಯಾವುದನ್ನೂ ಮುಟ್ಟುವಂತಿಲ್ಲ.

ಲಾಳಿ ಎಸೆದಷ್ಟು ಸಲವೂ ಕೂಗಬೇಕಲ್ಲ! ‘ಅದ’ ಎಂಬ ಮೂರನೆಯ ಮಾತು ಬೇಕೆಂದು ಅಪ್ಪನಿಗೆ ಆಗಾಗ ಅರ್ಜಿ ಹಾಕುತ್ತಿದ್ದೆ. ‘ಅದ’ ಎಂದರೆ, ಬೇರೆ ಬಣ್ಣ ಕೂಗುವವರೆಗೆ ಅದೇ ಹುರಿ ಜಗ್ಗುತ್ತಿರಬೇಕು.

“ಹೊಸ ಮಾತಂದ್ರ ಹೊಸ ಸೊಸಿ ಇದ್ದಂಗ. ಒಮ್ಮೆ ಹೊಸ್ತಿಲ ದಾಟಿದ್ರ ಮುಗೀತು, ಕಳಸಾಕ ಬರಂಗಿಲ್ಲ” ಎನ್ನುತ್ತಿದ್ದ ಅಪ್ಪ.

“ಕೇಳಾಕತ್ತೀನ್ರಿ ಮಾವಾರ” ಎಂದು ಹುರಿಗಳ ಮರೆಯಿಂದ ವೈನಿ.

ನರಗುಂದದ ವ್ಯಾಪಾರಿಯೊಬ್ಬರ ಮಗಳ ಲಗ್ನದ ಸೀರೆ ನೇಯುವುದಾಗಿ ಅಪ್ಪ ಮಾತು ಕೊಟ್ಟ. ಅದೇ ವಾರ ನನ್ನ ಗಂಟಲು ಕಟ್ಟಿತು. “ಗಂಟಲ ಬಿದ್ದಾಗ ಕಾಯ್ದೆ ಮಾಡಬಾರದೋ ತಮ್ಮಾ” ಎಂದು ಗೊಣಗುತ್ತಲೇ ಅಪ್ಪ ಮೂರನೆಯ ಮಾತಿಗೆ ಮಂಜೂರಿ ಕೊಟ್ಟ.

ಸೆರಗು ಚಂದವಾಗಿಯೇ ಮುಗಿಯಿತು. ಕೊನೆಯ ಹೂವಿಗೆ ‘ಕೆಂಪ, ಅದ’ ಎಂದು ಪಿಸುಗುಟ್ಟಿ, ಅದನ್ನು ಮುಗಿಸಿ, ದವಾಖಾನೆಗೆ ಹೋದೆ. ಸೀರೆಯ ಒಡಲು ನೇಯಲು ಅಪ್ಪ ಕೂತ. ಹೂವಿಲ್ಲದ ಒಡಲಿಗೆ ಕೂಗುವುದೇನಿದೆ? ಸುಮ್ಮನೆ ನೇಯ್ದ. ಅವನ ಕಣ್ಣಿಗೆ ಪೊರೆ ಬಂದಿತ್ತು, ನೇಯುತ್ತಿದ್ದದ್ದು ಕೈ.

ಮರಳಿ ಬಂದು ಬಟ್ಟೆ ನೋಡಿದೆ. ಹೂವಿನ ನೂಲುಗಳು ಮೊಳದುದ್ದಕ್ಕೆ ಎಲ್ಲಿಯೂ ನೇಯ್ಗೆಗೆ ಸಿಗದೆ, ಒಡಲ ಮೇಲೆ ಸಡಿಲಾಗಿ ಬಿದ್ದಿದ್ದವು.

“ವೈನಿ! ಏನ್ ಮಾಡೀರಿ ಇದು?”

“ನೀವ ಹೇಳಿದ್ದು! ಬ್ಯಾರೆ ಬಣ್ಣ ಕೂಗೋತನಾ ಜಗ್ಗು ಅಂದ್ರಿ. ಮಾವಾರು ಬಾಯಿ ಬಿಡಲಿಲ್ಲ, ನಾ ಕೈ ಬಿಡಲಿಲ್ಲ.”

ಅಪ್ಪ ಬೆರಳಿನಿಂದ ಬಟ್ಟೆ ತಡವಿದ. ಆ ಬೆರಳು ಅಲ್ಲಿಯೇ ನಿಂತಿತು.

“ಸುಮ್ಮನಿದ್ರ ಬಿಡು ಅಂತ ಇಷ್ಟು ವರ್ಷ ಇತ್ತಲ್ಲೋ. ಅದನ್ನ ಯಾವಾಗ ತಗದಿ?”

ಒಂದು ಮಾತು ಕೂಡಿಸಿದ್ದೇನೆಂದಷ್ಟೇ ತಿಳಿದಿದ್ದೆ. ಮಗ್ಗದಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದ ಮೌನದ ಅರ್ಥವೇ ಬದಲಾದದ್ದು ನನಗೆ ಹೊಳೆದಿರಲೇ ಇಲ್ಲ.

ಬಿಚ್ಚಿ ನೇಯಲು ಹೊತ್ತು ಸಾಲಲಿಲ್ಲ. ನರಗುಂದದ ಮದುಮಗಳು ರೋಣದ ಅಂಗಡಿಯಿಂದ ತಂದ ಸೀರೆ ಉಟ್ಟಳು.