ಮೋಟಾರಿನ ಕೆಳಗೆ ಮೊದಲು ಮಲಗುತ್ತಿದ್ದವರು

ಬಡಿಗ ಕಾಕಾನ ಹುಬ್ಬುಗಳಲ್ಲಿ ಯಾವಾಗಲೂ ಕಟ್ಟಿಗೆಯ ಪುಡಿ ಇರುತ್ತಿತ್ತು. ದಟ್ಟವಾದ ಬಿಳಿ ಹುಬ್ಬು. ಯಾವುದನ್ನಾದರೂ ಒಪ್ಪದಿದ್ದರೆ ಬಾಯಿಬಿಟ್ಟು ಹೇಳದೆ ಹುಬ್ಬು ಮೇಲೆತ್ತುತ್ತಿದ್ದರು, ಆಗ ಆ ಪುಡಿಯೆಲ್ಲ ನಾನು ಆಗಷ್ಟೇ ಒರೆಸಿದ ನೆಲದ ಮೇಲೆ ಉದುರುತ್ತಿತ್ತು. ಹೊಸ ಸೊಸೆ ನಾನು, ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಈಗ ಆ ಸಿಟ್ಟನ್ನು ನೆನೆದರೆ ನಾಚಿಕೆಯಾಗುತ್ತದೆ.

ಆಳಂದದಲ್ಲಿ ನಮ್ಮ ಓಣಿಯ ತುದಿಗೆ ಅವರ ಬಂಡಿ ಮಾಡುವ ಕಟ್ಟೆ. ಓಣಿಗೆಲ್ಲ ಅವರು ಕಾಕಾ. ಭಾರದ ವಸ್ತು ಯಾವುದೇ ಇರಲಿ, ಮುಟ್ಟುವ ಮೊದಲು ಅದರ ಸುತ್ತ ಒಂದು ಸುತ್ತು ಬರುವರು. ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುವರು. “ಭಾರ ಸುಮ್ನ ಕುಂತಿರಂಗಿಲ್ಲವ್ವಾ, ಕೆಳಗ ಇಳಿಯಾಕ ದಾರಿ ನೋಡಾಕತ್ತಿರ್ತದ” ಎನ್ನುವುದು ಅವರ ಮಾತು.

ನಮ್ಮವರು ವಕೀಲರು. ಮಹಾಯುದ್ಧದ ದಿನಗಳಲ್ಲಿ, ಪೆಟ್ರೋಲು ಸಿಗದೆ ಬೇಸತ್ತ ಸೊಲ್ಲಾಪುರದ ವ್ಯಾಪಾರಿಯೊಬ್ಬರಿಂದ ಒಂದು ಹಳೆಯ ಮೋಟಾರು ಕೊಂಡು ತಂದರು. ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ರಿಪೇರಿಯವರು ಬೇಕೆಂದರೆ ಕಲಬುರಗಿಗೇ ಹೋಗಬೇಕು. ಕೋರ್ಟಿನಲ್ಲಿ ಗೆಲ್ಲುವವರಿಗೆ ಮೋಟಾರು ಯಾವ ಮಹಾ ಎಂದು ಇವರು ಅದರ ಜೊತೆ ಬಂದ ಇಂಗ್ಲಿಷ್ ಪುಸ್ತಕ ಬಿಚ್ಚಿಕೊಂಡು ಕುಳಿತರು. ಮೋಟಾರಿನ ಹೊಟ್ಟೆಯೊಳಗಿನ ಹಳೆಯ ಎಣ್ಣೆಯನ್ನು ಕೆಳಗಿನಿಂದ ಇಳಿಸಿ ಹೊಸದು ಹಾಕಬೇಕಂತೆ. ಅದಕ್ಕೆ ಮುಂದಿನ ಎರಡು ಗಾಲಿಗಳನ್ನು ಎರಡು ಇಳಿಜಾರು ಏಣಿಗಳ ಮೇಲೆ ಹತ್ತಿಸಿ ನಿಲ್ಲಿಸಿದ ಚಿತ್ರ ಆ ಪುಸ್ತಕದಲ್ಲಿತ್ತು. ಆ ಏಣಿ ಯಾವುದರಿಂದ ಮಾಡಿದ್ದೆಂದು ಚಿತ್ರದಲ್ಲಿ ಬರೆದಿರಲಿಲ್ಲ.

ನಮ್ಮ ಸೀಮೆಯವರಿಗೆ ಚಪ್ಪಡಿಯಂಥ ಫರ್ಸಿ ಕಲ್ಲಿಗಿಂತ ನಂಬಿಗಸ್ತ ಇನ್ನೊಂದಿಲ್ಲ. ನೆಲಕ್ಕೆ ಫರ್ಸಿ, ಕಟ್ಟೆಗೆ ಫರ್ಸಿ, ಮಾಡಿಗೂ ಫರ್ಸಿ. ಇವರೂ ಅಂಗಳಕ್ಕೆ ಅದನ್ನೇ ತರಿಸಿದರು. ಒಂದೊಂದು ಗಾಲಿಗೂ ನಡುವೆ ಜಾಗ ಬಿಟ್ಟು ಎರಡು ಗುಂಪು ಕಲ್ಲು ಒಟ್ಟಿ, ಅವುಗಳ ಮೇಲೆ ಅಡ್ಡ ಒಂದು ಫರ್ಸಿ ಹಾಸಿ, ಹತ್ತಲು ಇನ್ನೊಂದನ್ನು ಓರೆಯಾಗಿ ಆನಿಸಿದರು. ಮೋಟಾರು ಗುರುಗುಟ್ಟುತ್ತ ಏರಿ, ಮುಂಗಾಲನ್ನು ಕಟ್ಟೆಯ ಮೇಲಿಟ್ಟ ಎತ್ತಿನ ಹಾಗೆ ನಿಂತಿತು. ನನಗೂ ಹೆಮ್ಮೆಯೇ ಆಯಿತು. ಇವರು ಧೋತರದ ಕಚ್ಚೆ ಬಿಗಿದು ಕೆಳಗೆ ನುಸುಳಲು ಬಗ್ಗಿದರು.

ಓಣಿಯಲ್ಲಿ ಹೋಗುತ್ತಿದ್ದ ಕಾಕಾ ಕರೆಯದೆಯೇ ಒಳಗೆ ಬಂದರು. ಒಂದು ಸುತ್ತು ಬಂದು ಕಲ್ಲು ಬಡಿದು ಕೇಳಿದರು. ಹುಬ್ಬು ಮೇಲೇರಿತು.

“ಸಾಹೇಬ್ರ, ಇದರ ಕೆಳಗ ಹೋಗಬ್ಯಾಡ್ರಿ.”

“ಯಾಕ ಕಾಕಾ? ನಿನ್ನ ಮನಿ ಮಾಡಿನ ಮ್ಯಾಲೂ ಫರ್ಸಿನೇ ಅದಲ್ಲ. ಅದರ ಕೆಳಗ ಮಕ್ಕೊಳ್ಳಂಗಿಲ್ಲೇನು?”

“ಮಾಡಿನ ಮ್ಯಾಲ ಮಳಿ ಬೀಳ್ತದ್ರಿ, ಮೋಟಾರ್ ಏರಂಗಿಲ್ಲ. ಫರ್ಸಿ ಪದರಗಲ್ಲು. ನೆಲಕ್ಕ ಮೈ ಹಚ್ಚಿ ಮಲಗಿದ್ರ ಆನೀನೂ ಹೊರ್ತದ. ಹಿಂಗ ನಡುವ ಟೊಳ್ಳು ಬಿಟ್ರ ಹೇಳದ ಕೇಳದ ಮುರೀತದ. ಕಟ್ಟಿಗಿ ಹಂಗಲ್ರಿ, ಮುರಿಯೂ ಮುಂದ ಕಿರ್ ಅಂತ ಒದರಿ ಹೇಳ್ತದ.”

ಇವರಿಗೆ ಮರುದಿನ ಅಫಜಲಪುರದಲ್ಲಿ ಕೆಲಸವಿತ್ತು. ಜೊತೆಗೆ ವಕೀಲರ ಜಂಬ. ವಾದ ಬೆಳೆಯುವುದನ್ನು ಕಂಡು ಕಾಕಾ ನನ್ನ ಕಡೆ ತಿರುಗಿದರು. “ಅವ್ವಾ, ಅರ್ಧ ಚೀಲ ಜ್ವಾಳ ಕೊಡ್ರಿ.”

ಯಾಕೆಂದು ತಿಳಿಯದೆಯೇ ಕೊಟ್ಟೆ. ಅವರು ಆ ಚೀಲವನ್ನು ಉದ್ದನೆಯ ಕೋಲಿನಿಂದ ಮೋಟಾರಿನ ಕೆಳಗೆ, ಇವರ ಎದೆ ಬರಬೇಕಾದ ಜಾಗಕ್ಕೆ ಸರಿಯಾಗಿ ನೂಕಿದರು. “ಹೋಗಿ ಉಂಡು ಬರ್ರಿ ಸಾಹೇಬ್ರ. ಅಲ್ಲೀತನ ನಿಮ್ಮ ಬದ್ಲಿ ಇದು ಮಕ್ಕೊಂಡಿರ್ಲಿ.” ಇವರಿಗೆ ನಗು ಬಂತು. ಹಸಿವೂ ಆಗಿತ್ತು, ಒಳಗೆ ಬಂದರು.

ಎರಡನೆಯ ರೊಟ್ಟಿ ಬಡಿಸುತ್ತಿದ್ದೆ. ಅಂಗಳದಲ್ಲಿ ದೊಡ್ಡ ಮಡಕೆ ಒಡೆದಂಥ ಸದ್ದು. ಓಡಿ ಹೋದರೆ ಫರ್ಸಿ ಎರಡು ತುಂಡಾಗಿದೆ, ಮೋಟಾರು ಒಂದು ಮಗ್ಗುಲಿಗೆ ಕುಸಿದು ಚೀಲದ ಮೇಲೆ ಕೂತಿದೆ. ಚೀಲ ಬಿರಿದು ಜೋಳ ಅಂಗಳದ ತುಂಬ ಹರಿದಿತ್ತು. ಇವರ ಕೈಯಲ್ಲಿ ಇನ್ನೂ ರೊಟ್ಟಿಯ ತುತ್ತಿತ್ತು. ಹಾಗೆಯೇ ಕಟ್ಟೆಯ ಮೇಲೆ ಕೂತರು. ನಮ್ಮ ಮದುವೆಯಾಗಿ ಎಂಟು ತಿಂಗಳಾಗಿತ್ತು.

ಕಾಕಾ ಕುಕ್ಕರಗಾಲಲ್ಲಿ ಕುಳಿತು ಕಾಳು ಬಳಿಯತೊಡಗಿದರು. “ಅಳಬ್ಯಾಡ್ರಿ ಅವ್ವಾ, ಜ್ವಾಳ ಆರಿಸ್ಕೋಬಹುದು” ಎಂದರು. ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ.

ಹದಿನೈದು ದಿನ ಹಿಡಿದು ಅವರು ಮರದ ಏಣಿ ಮಾಡಿದರು. ಬಂಡಿಯ ಅಚ್ಚಿಗೆಂದು ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಜಾಲಿ; ಎರಡೂ ಏಣಿ ಒಂದೇ ಮರದವು, ಇಲ್ಲದಿದ್ದರೆ ಒಂದು ಬಾಗಿ ಇನ್ನೊಂದು ಸೆಟೆಯುತ್ತದಂತೆ. ಟಯರಿಗಿಂತ ಒಂದೂವರೆ ಪಟ್ಟು ಅಗಲ. ಏರು ಉದ್ದವಾಗಿ, ಸಲೀಸಾಗಿ. ಗಾಲಿ ಜಾರದಂತೆ ಅಡ್ಡಪಟ್ಟಿ, ತುದಿ ದಾಟಿ ಹೋಗದಂತೆ ದಪ್ಪ ತಡೆ. ಅಷ್ಟಕ್ಕೇ ಬಿಡಲಿಲ್ಲ. ಕಪ್ಪು ಎರಿಮಣ್ಣು ಹಸಿಯಾದರೆ ಹಿಗ್ಗುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ, ಅದರ ಮೇಲೆ ಏಣಿ ಇಡುವ ಹಾಗಿಲ್ಲವೆಂದು ಅಂಗಳ ಅಗೆಸಿ ಗರಸಿನಂಥ ಮೊರಂ ತುಂಬಿ ಧಮ್ಮಸು ಹೊಡೆಸಿ ಗಟ್ಟಿ ಮಾಡಿಸಿದರು. ಮೋಟಾರು ಏರಿದ ಮೇಲೆ ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು. ಬ್ರೇಕು ಬಿಗಿದಿರಬೇಕು, ಒಳಗೆ ಯಾರೂ ಕೂತಿರಬಾರದು. ವಕೀಲರ ಮನೆಯಲ್ಲಿ ಬಡಿಗರ ಕಾನೂನು ನಡೆಯಿತು.

ಎಲ್ಲ ಆದ ಮೇಲೆ ನಡೆದದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಮೋಟಾರನ್ನು ನಾಲ್ಕು ಕಡೆಯಿಂದ ಅಲುಗಾಡಿಸಿ ನೋಡಿ, ಕಾಕಾ ರುಮಾಲು ತೆಗೆದಿಟ್ಟು ತಾವೇ ಅದರ ಕೆಳಗೆ ಹೋಗಿ ಅಂಗಾತ ಮಲಗಿದರು. ಕಣ್ಣು ಮುಚ್ಚಿಕೊಂಡು, ಒಂದು ಎಲೆ-ಅಡಕೆ ಅಗಿಯುವಷ್ಟು ಹೊತ್ತು. ಇವರು ಬೇಡವೆಂದು ಕೂಗಿಕೊಂಡರು. “ಮಾಡಿದಾಂವ ಮೊದ್ಲು ಮಲಗಬೇಕ್ರಿ. ನಮ್ಮ ಬಂಡಿಗೂ ಹಂಗಽ” ಎಂದು ಕೆಳಗಿನಿಂದಲೇ ದನಿ ಬಂತು. ಆಮೇಲೆ ಹೊರಬಂದು ಬೆನ್ನು ಜಾಡಿಸಿ, ಇವರಿಗೆ ದಾರಿ ಬಿಟ್ಟರು.

ಒಂದು ಸಲ ಮಾಡಿದರೆ ಸಾಲದೇ? ಇಲ್ಲ. ಎಣ್ಣೆ ಬದಲಿಸುವ ದಿನವೆಲ್ಲ ಬರುವರು, ಏಣಿಯನ್ನು ಬಡಿದು ಕೇಳುವರು, ಮಲಗುವರು. ಐದು ವರ್ಷ ಹೀಗೆ. ಸುದ್ದಿ ಹರಡಿ ಅಫಜಲಪುರದ ಸಾಹುಕಾರರೊಬ್ಬರು ಒಂದು ಜೋಡಿ ಮಾಡಿಸಿಕೊಂಡರು, ಜೇವರ್ಗಿಯ ಡಾಕ್ಟರರೊಬ್ಬರು ಇನ್ನೊಂದು. ಜೇವರ್ಗಿಗೆ ಕಾಕಾ ಏಣಿಗಳನ್ನು ಬಂಡಿಯಲ್ಲಿ ಹೇರಿಕೊಂಡು, ಭೀಮೆ ದಾಟಿ, ತಾವೇ ಹೋದರು. ಅಂಗಳ ಎರಿಮಣ್ಣಿನದೆಂದು ಕಂಡು ಮೊರಂ ಬರುವ ತನಕ ಮೂರು ದಿನ ಅಲ್ಲೇ ಕೂತು, ಮೋಟಾರಿನ ಕೆಳಗೆ ಮಲಗೆದ್ದು, ವಾಪಸ್ಸು ಬಂದರು. ಮೋಟಾರಿನೊಳಗೆ ಒಮ್ಮೆಯೂ ಕೂರದ ಮನುಷ್ಯ! ಕಾಕಾನಿಗೆ ಅಂಜಿಕೆ ಎಂಬುದನ್ನು ದೇವರು ಇಟ್ಟೇ ಇಲ್ಲ ಎಂದು ನಾನು ಕಣ್ಣರಳಿಸಿ ನೋಡುತ್ತಿದ್ದೆ.

ಆರನೆಯ ವರ್ಷ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟರು. ನಮ್ಮವರು ಹೆಗಲು ಕೊಟ್ಟರು. ಮೂರನೆಯ ದಿನ ನಾನು ಅವರ ಹೆಂಡತಿಯನ್ನು ಮಾತಾಡಿಸಲು ಹೋದೆ. ಸಮಾಧಾನಕ್ಕೆಂದು, “ಕಾಕಾನಂಥ ಧೈರ್ಯದ ಮನುಷ್ಯಾನ್ನ ನಾ ನೋಡಿಲ್ಲ” ಎಂದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದಳು. “ಎಲ್ಲೀ ಧೈರ್ಯರಿ ಅವ್ವಾ! ಭಾಳ ಅಂಜುಬುರುಕ ಇದ್ರು. ನಿಮ್ಮ ಮೋಟಾರಿನ ದಿನ ಬಂತಂದ್ರ ಮುಂಜಾನಿಂದ ಒಂದ ತುತ್ತೂ ಉಣ್ತಿದ್ದಿಲ್ಲ. ಹೋಗೂ ಮುಂದ ನನ್ನ ಕೈ ಹಿಡ್ಕೊಂಡು ‘ಹೋಗಿ ಬರ್ತೇನಿ’ ಅಂತ ಎರಡೆರಡು ಸಲ ಹೇಳವ್ರು. ಬ್ಯಾಡ ಬಿಡ್ರಿ ಅಂದ್ರ, ‘ಫರ್ಸಿ ಮುರಿದ ದಿನ ಆ ಹುಡುಗಿ ಅತ್ತಿದ್ದು ನೋಡೇನಿ’ ಅಂತಿದ್ರು.”

ಆಕೆಯ ಕಾಲು ಮುಟ್ಟಿ ನಮಸ್ಕರಿಸಿ ಎದ್ದು ಬಂದೆ. ನಮ್ಮ ಅಂಗಳದಲ್ಲಿ ಆಡುತ್ತಿದ್ದ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡೆ. ಮುಂದೆ ಇನ್ನಿಬ್ಬರು ಗಂಡುಮಕ್ಕಳಾದರು. ನನ್ನ ಮೂವರು ಮಕ್ಕಳೂ ಆ ಫರ್ಸಿ ಮುರಿದ ಮಧ್ಯಾಹ್ನದ ನಂತರ ಹುಟ್ಟಿದವರು.