ಚುಮ್ಮಾ ಇರುವವರ ಲೆಕ್ಕ

ನನ್ನ ದುರಭ್ಯಾಸವೊಂದನ್ನು ಮೊದಲೇ ಹೇಳಿಬಿಡುತ್ತೇನೆ: ಯಾರಾದರೂ ಖಾಲಿ ಕೂತದ್ದು ಕಂಡರೆ ಅವರನ್ನು ಯಾವ ಕಲಮಿಗೆ ಸೇರಿಸಲಿ ಎಂದು ಕೈ ತುರಿಸುತ್ತದೆ. ಕಾಸರಗೋಡಿನ ನಾನು ಕಳಮಶ್ಶೇರಿಯಿಂದ ತಿರುವನಂತಪುರದವರೆಗೆ ಮನೆಮನೆಯ ಗೇಟು ತಟ್ಟಿ ಉದ್ಯೋಗದ ಸರ್ವೆ ಮಾಡಿಯೇ ಪಿಂಚಣಿಗೆ ಬಂದವನು. ಏನು ಕೆಲಸ ಎಂದರೆ ಬಾಗಿಲ ಸಂದಿಯಿಂದ ಒಂದೇ ಉತ್ತರ: "ಚುಮ್ಮಾ ಇರಿಕ್ಕುವಾ ಸಾರೇ." ಅವರ ಮಲಯಾಳದ ಚುಮ್ಮಾ ನಮ್ಮ ಕನ್ನಡದ ಸುಮ್ಮನೆಯ ತಮ್ಮನಿರಬೇಕು, ಪಂಡಿತರು ಬೈದರೆ ಬೈಯಲಿ. ನಮ್ಮಲ್ಲಿ ಕೆಲಸವಿಲ್ಲದೆ ಕೂರುವುದೂ ಸುಮ್ಮನೆ, ಬಾಯಿಮುಚ್ಚಿ ಕೂರುವುದೂ ಸುಮ್ಮನೆ.

ನಮ್ಮ ಫಾರಂ ಮಹಾ ಉದಾರಿ. ವಾರಕ್ಕೆ ಒಂದು ಗಂಟೆ ದುಡಿದರೂ ನೀವು ಉದ್ಯೋಗಸ್ಥರು. ಮಟ್ಟಾಂಚೇರಿಯಲ್ಲಿ ಮಾವನ ಮಳಿಗೆಯ ಶುಂಠಿ ಆರಿಸುತ್ತಾ ಸಂಬಳದ ಮುಖ ಕಾಣದ ಬಿ.ಟೆಕ್. ಸೊಸೆಯೂ ಉದ್ಯೋಗಸ್ಥೆಯೇ. ಹುಡುಕಿ ಹುಡುಕಿ ಸೋತು, ಕೆಲಸದ ಆಸೆಯನ್ನೇ ಬಿಟ್ಟವರೋ? ಅಯ್ಯೋ, ಅವರು ನಿರುದ್ಯೋಗಿಗಳೇ ಅಲ್ಲ! ಈ ಸೂತ್ರವನ್ನು ಹೊಸಬರಿಗೆ ಪಾಠ ಹೇಳಿ ಭೇಷ್ ಅನ್ನಿಸಿಕೊಂಡವನು ನಾನು. ಮಾಡಿದ್ದುಣ್ಣೋ ಮಹಾರಾಯ.

ಹೋದ ವರ್ಷ ಸರ್ವೆ ನಮ್ಮ ಮನೆಗೇ ಬಂತು. ಬಂದವಳು ಗುತ್ತಿಗೆಯವಳು, ಮುಂದಿನ ತಿಂಗಳು ತನಗೆ ಕೆಲಸವಿದೆಯೋ ಎಂದು ಅವಳಿಗೇ ಗೊತ್ತಿರಲಿಲ್ಲ. ನನ್ನ ಮಗಳು ವಿದ್ಯಾ ಎಂ.ಎಸ್ಸಿ. ಸರಕಾರಿ ಪರೀಕ್ಷೆಯ ರ‍್ಯಾಂಕ್ ಪಟ್ಟಿಯಲ್ಲಿ ಅವಳ ಹೆಸರಿತ್ತು. ಕರೆ ಬರುವ ಮೊದಲೇ ಪಟ್ಟಿಯ ಅವಧಿ ಮುಗಿಯಿತು. ಅಂದಿನಿಂದ ಅವಳು ಒಂದು ಅರ್ಜಿಯನ್ನೂ ಹಾಕಿಲ್ಲ.

"ಚೇಚಿ ಕೆಲಸ ಹುಡುಕುತ್ತಿದ್ದೀರಾ?" ಬಂದವಳು ವಿದ್ಯಾಳನ್ನು ಅಕ್ಕಾ ಎಂದು ಕರೆದು ಮಲಯಾಳದಲ್ಲಿ ಕೇಳಿದಳು.

"ಇಲ್ಲ."

"ಸಿಕ್ಕಿದರೆ ಹೋಗುತ್ತೀರಾ?"

"ಇಲ್ಲ."

ಎರಡೂ ಭಾಷೆಗೆ ಒಂದೇ 'ಇಲ್ಲ'. ಇನ್ನು ಬಂದವಳ ಬೆರಳು ಟ್ಯಾಬಿನಲ್ಲಿ ಯಾವ ಗುಂಡಿ ಒತ್ತುತ್ತದೆಂದು ನನಗಲ್ಲದೆ ಯಾರಿಗೆ ಗೊತ್ತು! "ಹುಡುಕುತ್ತಿದ್ದಾಳೆ ಅಂತಲೇ ಹಾಕು ಮೋಳೇ," ಎಂದೆ, ಬಂದವಳನ್ನೂ ಮಗಳೇ ಎಂದು ಕರೆದು. ಜೀವಮಾನದಲ್ಲಿ ಸರ್ವೆಗೆ ನಾನು ಹೇಳಿದ ಮೊದಲ ಸುಳ್ಳು.

ಕನ್ನಡದಲ್ಲಿ ಕೇಳಿದ್ದಕ್ಕೂ ಮಲಯಾಳದಲ್ಲೇ ಉತ್ತರಿಸುವ ಮಗಳು ಅವತ್ತು ಅಚ್ಚಕನ್ನಡದಲ್ಲಿ ಹೇಳಿದಳು: "ಅಪ್ಪ, ನೀವು ಸುಮ್ಮನಿರಿ."

ಬಂದವಳು ವಿದ್ಯಾಳ 'ಇಲ್ಲ'ವನ್ನೇ ಒತ್ತಿಕೊಂಡು ಹೊರಟಳು. ಮೊನ್ನೆ ಪೇಪರಿನಲ್ಲಿ ನಿರುದ್ಯೋಗ ಇಳಿದಿದೆಯೆಂದು ದಪ್ಪಕ್ಷರದ ಸುದ್ದಿ. ವಿದ್ಯಾ ಓದಿ, ಮಡಚಿ, ನನ್ನ ಕೈಗಿಟ್ಟಳು.

"ಈ ಲೆಕ್ಕದಲ್ಲಿ ನಾನಿದ್ದೇನಾ ಅಪ್ಪ?"

"ಇಲ್ಲ ಮಗಾ," ಎಂದೆ. "ನೀನಿಲ್ಲ. ಅದಕ್ಕೇ ಇಳಿದದ್ದು."