ಕ್ಲಾಂಪು ಬಿಚ್ಚಿದ ಮೇಲೆ ಎದ್ದ ಮೂಲೆ

ಫೆಬ್ರುವರಿ ಹನ್ನೆರಡು, ಬೆಳಿಗ್ಗೆ ಒಂಬತ್ತೂವರೆ. ಫ್ರೇಮನ್ನು ಮಷೀನಿಗೆ ಬಿಗಿದಿದ್ದ ಕ್ಲಾಂಪುಗಳನ್ನು ಬಿಚ್ಚಲು ಶುರು ಮಾಡಿದ ಹೊತ್ತು ಇದು. ಯಾವ ಅಳತೆ ತೆಗೆದರೂ ನಾನು ಮೊದಲು ತಾರೀಖು, ಗಂಟೆ ಬರೆದುಕೊಳ್ಳುತ್ತೇನೆ. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ, ಮಧ್ಯಾಹ್ನದ ಅಳತೆ ಬೆಳಗಿನದಕ್ಕೆ ಹೊಂದುವುದಿಲ್ಲ. ಆ ದಿನದ ಸಾಲಿನ ಕೆಳಗೆ ಆರು ಅಂಕಿಗಳಿವೆ. ಐದು ಸರಿಯಾಗಿವೆ.

ನಾಚಾರಂನ ಒಂದು ಕಾರ್ಖಾನೆಯಲ್ಲಿ ನಾನು ಅಳತೆ ನೋಡುವವಳು. ಅಪ್ಪ ಅಲ್ಲೇ ವೆಲ್ಡರ್. ಶಹಾಬಾದ್ ಕಡೆಯಿಂದ ಬಂದವನು, ನಾನು ಹುಟ್ಟುವ ಮೊದಲಿನಿಂದಲೂ ಅದೇ ಶೆಡ್ಡಿನಲ್ಲಿದ್ದ. ಆ ತಿಂಗಳ ಕೊನೆಗೆ ಅವನ ನಿವೃತ್ತಿ. ಇದು ಅವನ ಕೊನೆಯ ಫ್ರೇಮು.

ನಮ್ಮ ಶೆಡ್ಡಿನಲ್ಲಿ ಒಂದು ರೂಢಿ ಇದೆ. ದೊಡ್ಡ ಫ್ರೇಮು ಗೇಟು ದಾಟುವ ದಿನ ಅದನ್ನು ಬೆಸೆದ ವೆಲ್ಡರೇ ಟ್ರೇಲರಿನ ಮುಂದೆ ತೆಂಗಿನಕಾಯಿ ಒಡೆಯಬೇಕು. ಬೆಸುಗೆಯ ಪಕ್ಕದಲ್ಲಿ ಅವನ ನಂಬರು ಪಂಚು ಹೊಡೆದಿರುತ್ತಾರೆ, ಅದಕ್ಕೆ ಅವನೇ ಕುಂಕುಮ ಹಚ್ಚಬೇಕು. ಅಪ್ಪನಿಗೆ ಬೇರೆ ಬೀಳ್ಕೊಡುಗೆ ಬೇಕಿರಲಿಲ್ಲ. ಶಾಲು, ಹಾರ ಬೇಡವೆಂದು ಆಫೀಸಿಗೆ ಹೇಳಿಬಿಟ್ಟಿದ್ದ.

"ಫ್ರೇಮ್ ಗೇಟ್ ದಾಟ್ಲಿ, ಕಾಯಿ ಒಡೀತೀನಿ, ಊಟದ ಡಬ್ಬಿ ತಗೊಂಡ್ ಮನಿಗೆ ಬರ್ತೀನಿ. ಅಷ್ಟ ಸಾಕು," ಅಂದಿದ್ದ.

ಅವ್ವ ಕುಷಾಯಿಗೂಡದ ಸಂತೆಯಲ್ಲಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ, ನೀರು ತುಂಬಿದ್ದನ್ನು ಆರಿಸಿ ತಂದಳು.

ಫ್ರೇಮೆಂದರೆ ದಪ್ಪ ಪ್ಲೇಟುಗಳನ್ನು ಬೆಸೆದು ಮಾಡಿದ, ನಾಲ್ಕು ಮೀಟರ್ ಉದ್ದದ ಚೌಕಟ್ಟು. ಅದರ ಮೇಲೆ ಆರು ಪ್ಯಾಡುಗಳು. ಗಿರಾಕಿಯ ಯಂತ್ರ ಕೂರುವುದು ಅವುಗಳ ಮೇಲೆ. ಆರೂ ಪ್ಯಾಡುಗಳ ಮುಖ ಒಂದೇ ಸಮತಲದಲ್ಲಿರಬೇಕು, ಏರುಪೇರು ಮಿಲಿಮೀಟರಿನ ಹತ್ತನೇ ಒಂದು ಭಾಗ ಮೀರಬಾರದು ಎಂದು ಡ್ರಾಯಿಂಗಿನ ಒಂದು ಪುಟ್ಟ ಚೌಕ ಹೇಳುತ್ತಿತ್ತು. ಅದರೊಳಗೆ ವೃತ್ತದಲ್ಲಿ ಒಂದು ಎಫ್ ಅಕ್ಷರ. ಬಿಗಿಯದೆ, ಒತ್ತದೆ, ಫ್ರೇಮು ತನ್ನ ಪಾಡಿಗೆ ತಾನು ಕೂತಿರುವಾಗ ಅಳೆಯಬೇಕು ಎಂದು ಅದರ ಅರ್ಥ. ಯಾವ ಮೂರು ಜಾಗದ ಮೇಲೆ ಕೂರಿಸಬೇಕೆಂದೂ ಗುರುತು ಮಾಡಿದ್ದರು. ಅವೇ ಡೇಟಮ್, ಎಲ್ಲ ಅಳತೆಯೂ ಅಲ್ಲಿಂದಲೇ ಶುರು. ನಾಲ್ಕು ಕಾಲಿನ ಮಂಚ ಅಲುಗಾಡಬಹುದು, ಮೂರು ಕಾಲಿನ ಸ್ಟೂಲು ಅಲುಗಾಡುವುದಿಲ್ಲ.

ಬೆಸುಗೆ ಆರುವಾಗ ಕಬ್ಬಿಣವನ್ನು ಎಳೆಯುತ್ತದೆ. ಆ ಎಳೆತ ಒಳಗೇ ಉಳಿಯುತ್ತದೆ. ಅದನ್ನು ಬಿಡಿಸಲೆಂದೇ ಬೆಸೆದ ಫ್ರೇಮನ್ನು ಕುಲುಮೆಯಲ್ಲಿ ಕಾಯಿಸಿ, ನಿಧಾನವಾಗಿ ಆರಿಸಿ ತರುತ್ತಾರೆ. ಪ್ಯಾಡುಗಳ ಮುಖವನ್ನು ಮಷೀನಿನಲ್ಲಿ ಹೆರೆದು ಸಮ ಮಾಡುವುದು ಆಮೇಲೆ. ಕುಲುಮೆಯಿಂದ ಬಂದ ನಂತರ ಎಲ್ಲಿಯೂ ಬೆಸುಗೆ ಹಾಕಬಾರದು, ಡ್ರಾಯಿಂಗಿನ ಐದನೇ ಟಿಪ್ಪಣಿ ಇದು. ಅಪ್ಪನಿಗೆ ಇದು ನನಗಿಂತ ಮೊದಲೇ ಗೊತ್ತಿತ್ತು. ಹೊಸಬರು ಹಾಗೆ ಮಾಡಿದರೆ ಕೈಯಿಂದ ಬೆಸುಗೆಯ ಹೋಲ್ಡರ್ ಕಿತ್ತುಕೊಳ್ಳುತ್ತಿದ್ದ.

ನಾನು ಮಗಳಾದ್ದರಿಂದ ಆ ದಿನ ಏರುಪೇರು ತೋರಿಸುವ ಡಯಲ್ ಓದುವುದು ಗಿರಾಕಿಯ ಇನ್ಸ್‌ಪೆಕ್ಟರ್, ಬರೆಯುವುದು ಮಾತ್ರ ನಾನು ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಅಪ್ಪ ದೂರದ ಕಂಬಕ್ಕೆ ಒರಗಿ ನಿಂತಿದ್ದ. ಮಷೀನ್ ಆಪರೇಟರ್ ಕ್ಲಾಂಪು ಬಿಚ್ಚುತ್ತಾ, ಇವತ್ತು ಕಾಯಿ ಒಡೆದು ನಾಳೆ ಡಬ್ಬಿಯಲ್ಲಿ ಚಟ್ನಿ ತಾ ಎಂದು ಅವನನ್ನು ಕೆಣಕಿದರು.

"ಕ್ಯಾ ಉಸ್ತಾದ್, ಆಜ್ ನಾರಿಯಲ್ ಫೋಡೋ, ಕಲ್ ಡಬ್ಬೇ ಮೇ ಚಟ್ನಿ ಲಾವೋ!"

"ನಿನ್ ತಲೀ ಮ್ಯಾಲ ಒಡೀತೀನಿ ಬಾ. ಅದ್ರಾಗ ನೀರ್ ಇರಂಗಿಲ್ಲ, ನೆಲ ಹಸಿ ಆಗಂಗಿಲ್ಲ."

ಆಪರೇಟರಿಗೆ ಅಷ್ಟು ಕನ್ನಡ ಬರುತ್ತಿತ್ತು. ಇಬ್ಬರೂ ನಕ್ಕರು. ಆ ಶೆಡ್ಡಿನಲ್ಲಿ ಅಪ್ಪ ನಕ್ಕದ್ದನ್ನು ನಾನು ಕೊನೆಯ ಸಲ ನೋಡಿದ್ದು ಆಗಲೇ.

ಫ್ರೇಮನ್ನು ಮೂರು ಜ್ಯಾಕಿನ ಮೇಲೆ ಇಳಿಸಿದೆವು. ಮೊದಲ ಪ್ಯಾಡಿನಲ್ಲಿ ಡಯಲ್ ಸೊನ್ನೆ ಮಾಡಿದರು. ಎರಡನೆಯದು ಎರಡು, ಮೂರನೆಯದು ಮೂರು, ಆಮೇಲೆ ಐದು, ನಾಲ್ಕು. ಎಲ್ಲ ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಹತ್ತರೊಳಗಿದ್ದರೆ ಪಾಸು. ಆರನೇ ಪ್ಯಾಡಿನ ಮೇಲೆ ಮುಳ್ಳು ನಿಲ್ಲದೆ ತಿರುಗಿತು. ಮೂವತ್ತನಾಲ್ಕು.

ಡಯಲ್ ಬದಲಿಸಿ ಓದಿದರು. ಮೂವತ್ತನಾಲ್ಕೇ. ಮಷೀನಿನ ಮೇಲೆ ಬಿಗಿದಿದ್ದಾಗ ಕನ್ನಡಿಯಂತೆ ಸಮವಾಗಿದ್ದ ಮೂಲೆ, ಬಿಟ್ಟ ಕೂಡಲೇ ಮೇಲೆದ್ದಿತ್ತು. ಮತ್ತೆ ಹೆರೆಯುವಂತಿರಲಿಲ್ಲ. ಪ್ಯಾಡಿನ ಎತ್ತರ ಆಗಲೇ ಕನಿಷ್ಠ ಅಳತೆಗೆ ಬಂದಿತ್ತು.

ಇನ್ಸ್‌ಪೆಕ್ಟರ್ ಕೆಟ್ಟವರಲ್ಲ. ಉಳಿದ ಐದು ಪ್ಯಾಡುಗಳ ಮೇಲೆ ತೆಳು ತಗಡು ಕೊಟ್ಟು ಯಂತ್ರ ಕೂರಿಸಬಹುದು, ತಮ್ಮ ಸಾಹೇಬರನ್ನು ಕೇಳುತ್ತೇನೆ ಎಂದು ಫೋನು ತೆಗೆದರು. ನಂಬರು ಒತ್ತುತ್ತಲೇ ಆ ಮೂಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕೆಳಗೆ ಬಗ್ಗಿ ನೋಡಿದರು. ಕುಲುಮೆಯಲ್ಲಿ ಕಪ್ಪಾದ ಪ್ಲೇಟಿನ ಅಂಚಿಗೆ ಒಂದು ಮೊಳದಷ್ಟು ಬೆಸುಗೆ ಬೇರೆ ಬಣ್ಣದಲ್ಲಿ, ನೀಲಿಯಾಗಿ ಹೊಳೆಯುತ್ತಿತ್ತು. ಮೀನಿನ ಪೊರೆಯಂತೆ ಒಂದರ ಮೇಲೊಂದು ಕೂತ ಸಮನಾದ ಅಲೆಗಳು. ಆ ಕೈ ಯಾರದೆಂದು ನನಗೆ ಕೂಡಲೇ ಗೊತ್ತಾಯಿತು.

"ಯೇ ಕಬ್ ಕಾ ಹೈ?" ಎಂದು ಕೇಳಿದರು. ಇದು ಯಾವಾಗಿನದು?

ಮ್ಯಾನೇಜರ್ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕಂಬ ಬಿಟ್ಟು ಬಂದ.

"ಮೈ ಡಾಲಾ ಸಾಬ್. ಭಟ್ಟೀ ಕೇ ಬಾದ್."

ಕುಲುಮೆ ಆದ ಮೇಲೆ ನಾನೇ ಹಾಕಿದೆ ಎಂದು ಅಪ್ಪನೇ ಹೇಳಿಬಿಟ್ಟ. ಇನ್ಸ್‌ಪೆಕ್ಟರ್ ಫೋನನ್ನು ಜೇಬಿಗೆ ಹಾಕಿಕೊಂಡರು. ಏರುಪೇರಿಗೆ ವಿನಾಯಿತಿ ಕೇಳಬಹುದಿತ್ತು, ಐದನೇ ಟಿಪ್ಪಣಿ ಮುರಿದದ್ದಕ್ಕೆ ಕೇಳುವಂತಿರಲಿಲ್ಲ. ತಿರಸ್ಕಾರದ ಕಾಗದದಲ್ಲಿ ಅಳತೆಗಳನ್ನು ತುಂಬಿದ್ದು ನಾನೇ. ಅಪ್ಪ ಪಕ್ಕದಲ್ಲೇ ನಿಂತಿದ್ದ. ಪೆನ್ನು ಬರೆಯದಾದಾಗ ತನ್ನ ಜೇಬಿನದನ್ನು ತೆಗೆದುಕೊಟ್ಟ.

ಮನೆಯಲ್ಲಿ ಅವ್ವ ಸುಮ್ಮನಿರಲಿಲ್ಲ. "ಎಲ್ಲಾರಿಗೂ ಬುದ್ಧಿ ಹೇಳಾವ ನೀನು. ನಿನಗ್ಯಾಕ ಬೇಕಿತ್ತು ಅದು?"

ಅಪ್ಪ ರೊಟ್ಟಿ ಮುರಿದು ತಟ್ಟೆಯಲ್ಲಿಟ್ಟ. "ಅಲ್ಲಿ ಗ್ರೈಂಡರ್ ಗೀರು ಬಿದ್ದು ಭಾಳ ಅಸಹ್ಯ ಕಾಣತಿತ್ತು. ಟ್ರೇಲರ್ ಮ್ಯಾಲ ಅದ ಮೂಲಿ ಮುಂದ ಬರ್ತೈತಿ. ಕೊನೀದು, ಮಾರಿ ಚಂದ ಇರ್ಲಿ ಅಂತ ಒಂದ್ ಕೈ ಹಾಕ್ದೆ."

ಆಮೇಲೆ ನನ್ನ ಕಡೆ ತಿರುಗಿದ. "ಅಷ್ಟ ಸಣ್ಣ ಬೆಸುಗಿ, ಅಷ್ಟ ದೊಡ್ಡ ಫ್ರೇಮ್ ಎಳೀತೈತೇನು ಮಗಳ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ತನ್ನನ್ನು ಸಮಾಧಾನ ಮಾಡುತ್ತಿದ್ದೇನೆ ಎಂದು ಅಪ್ಪ ಅಂದುಕೊಂಡಿರಬೇಕು, ಮತ್ತೆ ಕೇಳಲಿಲ್ಲ.

ಇಪ್ಪತ್ತಮೂರರಂದು ಫ್ರೇಮನ್ನು ಗ್ಯಾಸಿನಿಂದ ಕತ್ತರಿಸಿದರು. ಅಪ್ಪ ರಜೆ ಹಾಕಲಿಲ್ಲ. ಅದೇ ಶೆಡ್ಡಿನ ಇನ್ನೊಂದು ತುದಿಯಲ್ಲಿ ಸಣ್ಣ ಬ್ರಾಕೆಟ್ಟುಗಳನ್ನು ಬೆಸೆಯುತ್ತಿದ್ದ, ಮುಖಕ್ಕೆ ಹಿಡಿದ ಕಪ್ಪು ಗಾಜನ್ನು ಒಮ್ಮೆಯೂ ಇಳಿಸಲಿಲ್ಲ. ಬೆಂಕಿ ಹೊತ್ತಿಸದೆ ಇದ್ದಾಗಲೂ ಇಳಿಸಲಿಲ್ಲ. ಸಂಜೆ ಗುಜರಿಯ ಲಾರಿ ಗೇಟು ದಾಟಿತು. ಅಪ್ಪನ ನಂಬರಿದ್ದ ತುಂಡು ಅದರಲ್ಲೇ ಎಲ್ಲೋ ಹೋಯಿತು.

ಕ್ಲಾಂಪು ಸಡಿಲಿಸಿದ್ದಿರಾ ಎಂದು ಮರುದಿನ ಆಪರೇಟರನ್ನು ಕೇಳಿದೆ. ಕೊನೆಯ ಪದರ ಹೆರೆಯುವ ಮೊದಲು ಕ್ಲಾಂಪುಗಳನ್ನು ಸಡಿಲಿಸಿ, ಫ್ರೇಮು ತಾನಾಗಿ ಕೂತ ಮೇಲೆ ಮತ್ತೆ ಹಗುರವಾಗಿ ಬಿಗಿಯಬೇಕು. ಹಾಗೆ ಮಾಡದೆ, ಕೆಳಗೆ ಸಂದು ಇದ್ದ ಮೂಲೆಯನ್ನು ಜೋರಾಗಿ ಒತ್ತಿ ಹಿಡಿದು ಹೆರೆದರೂ ಬಿಟ್ಟಾಗ ಅದು ಹೀಗೆಯೇ ಏಳುತ್ತದೆ.

"ಲೂಸ್ ಕಿಯಾ ಥಾ ಬೇಟಾ," ಅಂದರು. ಸಡಿಲ ಮಾಡಿದ್ದೆ ಮಗಳೇ. ಆಮೇಲೆ, "ಶಾಯದ್," ಅಂದರು. ಬಹುಶಃ.

ಅಪ್ಪ ಈಗ ಮನೆಯಲ್ಲೇ ಇರುತ್ತಾನೆ. ಕಾಯಿ ಅಡುಗೆಮನೆಯ ಗೂಡಿನಲ್ಲಿದೆ. ಅವ್ವ ಅದನ್ನು ಒಡೆಯಲೂ ಇಲ್ಲ, ಎಸೆಯಲೂ ಇಲ್ಲ. ಅಲುಗಾಡಿಸಿದರೆ ನೀರಿನ ಸದ್ದಿಲ್ಲ, ಒಣಗಿದ ಕೊಬ್ಬರಿ ಒಳಗೆ ಉರುಳುತ್ತದೆ.

ಇಂಥ ದೊಡ್ಡ ಫ್ರೇಮುಗಳನ್ನು ಬೆಸೆದವರು, ಹೆರೆದವರು, ಅಳೆದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಬರೆಯಿರಿ. ಕುಲುಮೆಯ ನಂತರ ಹಾಕಿದ ಒಂದು ಮೊಳದ ಬೆಸುಗೆ ನಾಲ್ಕು ಮೀಟರಿನ ಫ್ರೇಮಿನ ಮೂಲೆಯನ್ನು ಅಷ್ಟು ಎತ್ತಬಲ್ಲದೇ, ಅಥವಾ ಅದು ಕ್ಲಾಂಪಿನ ಕೆಲಸವೇ? ಉತ್ತರ ಅಪ್ಪನ ಪರವಾಗಿ ಇಲ್ಲದಿದ್ದರೂ ಅಡ್ಡಿಯಿಲ್ಲ. ಕನ್ನಡದಲ್ಲೇ ಬರೆಯಿರಿ. ಅವನು ಓದಿ ಹೇಳೆಂದು ನನ್ನನ್ನು ಕೇಳುವವನಲ್ಲ, ತಾನೇ ಓದಿಕೊಳ್ಳಲಿ.